ಅಜ್ಜನ ಹಳೇ ಫಿಯಟ್ ಕಾರನ್ನು ಟಿವಿ ಕಾರ್ ಶೋಗೆ ಒಂದು ದಿನ ಕೊಡಬಹುದಾ?

ನಿಮ್ಮ ಹತ್ತಿರ ಇರೋದು 1972ರ ಫಿಯಟ್ 1100, ಅಜ್ಜ ಓಡಿಸಿದ್ದು, ಈಗಲೂ ಸ್ಟಾರ್ಟ್ ಆಗುತ್ತೆ. ಟಿವಿಯ ಕಾರ್ ಶೋ ತಂಡದವರು ಒಂದು ದಿನಕ್ಕೆ ಕೇಳುತ್ತಿದ್ದಾರೆ. ಕೊಡಲಾ, ಕೊಟ್ಟರೆ ಎಷ್ಟು ದುಡ್ಡು ಕೇಳಲಿ ಅನ್ನೋದು ನಿಮ್ಮ ಪ್ರಶ್ನೆ.

ಕೊಡಿ. ಆದರೆ ಕಾರಿನ ಜೊತೆ ನೀವೂ ಹೋಗಿ, ಬಾಡಿಗೆ ಕೇಳಬೇಡಿ. ನನ್ನ ಪ್ರೀಮಿಯರ್ ಪದ್ಮಿನಿ ಕಾರನ್ನು ಇಂಥ ಶೋಗಳಿಗೆ ಕೊಟ್ಟಿದ್ದೇನೆ, ಈಗಲೂ ಯಾರಾದರೂ ಕೇಳಿದರೆ ಕೊಡುತ್ತೇನೆ. ಪದ್ಮಿನಿ ಅಂದರೆ ನಿಮ್ಮ ಕಾರಿನ ತಂಗಿಯೇ. ಅದೇ 1089 ಸಿಸಿ ಎಂಜಿನ್, ಅದೇ ಸ್ಟೀರಿಂಗ್ ಪಕ್ಕದ ಗೇರ್. ಹಾಗಾಗಿ ನಾನು ಹೇಳೋದು ನಿಮಗೂ ಹೊಂದುತ್ತೆ.

ಟಿವಿಯಲ್ಲಿ ನೋಡುವಾಗ ಹಳೇ ಕಾರು ಬೆಟ್ಟದ ರಸ್ತೆಯಲ್ಲಿ ಆರಾಮಾಗಿ ಹೋಗುತ್ತಿರುತ್ತದೆ. ಶೂಟಿಂಗ್ ನಡೆಯುವಾಗ ಹಾಗಿರಲ್ಲ. ಮುಂದೆ ಒಂದು ಕಾರು, ಅದರ ಡಿಕ್ಕಿ ತೆರೆದು ಕ್ಯಾಮೆರಾದವನು ಕೂತಿರುತ್ತಾನೆ. ನೀವು ಅವನ ಹಿಂದೆ ನಿಧಾನಕ್ಕೆ ಬರಬೇಕು. ಸ್ವಲ್ಪ ದೂರ ಹೋಗಿ ಯೂ-ಟರ್ನ್, ಮತ್ತೆ ಅದೇ ರಸ್ತೆ, ಮತ್ತೆ ಯೂ-ಟರ್ನ್. ಮೋಡ ಅಡ್ಡ ಬಂತು ಅಂತ ಒಂದು ಸಲ, ಹಿಂದೆ ಕೆಎಸ್‌ಆರ್‌ಟಿಸಿ ಬಸ್ ಬಂತು ಅಂತ ಇನ್ನೊಂದು ಸಲ. ನಮ್ಮ ಎಂಜಿನ್ನಿಗೆ ಹಿಡಿಸದ ಕೆಲಸ ಇದೇ. ಫ್ಯಾನ್ ಎಂಜಿನ್ನಿನ ಬೆಲ್ಟಿನಲ್ಲೇ ತಿರುಗೋದು. ಎಂಜಿನ್ ನಿಧಾನ ಆದರೆ ಫ್ಯಾನೂ ನಿಧಾನ. ಎದುರಿನಿಂದ ಗಾಳಿಯೂ ಬರಲ್ಲ. ಹೆದ್ದಾರಿಯಲ್ಲಿ ಮೈಸೂರಿಗೆ ಹೋಗಿ ಬಂದರೂ ಸುಮ್ಮನಿರುವ ಟೆಂಪರೇಚರ್ ಮುಳ್ಳು ಇಲ್ಲಿ ಹತ್ತಲು ಶುರುವಾಗುತ್ತೆ.

ಆಮೇಲೆ ಯಾರೋ 'ಬ್ರೇಕ್' ಅಂತಾರೆ, ನೀವು ಎಂಜಿನ್ ಆಫ್ ಮಾಡುತ್ತೀರಿ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸ್ಟಾರ್ಟ್ ಆಗಲ್ಲ. ಪೆಟ್ರೋಲ್ ಪಂಪು ಎಂಜಿನ್ನಿಗೆ ಅಂಟಿಕೊಂಡೇ ಇದೆಯಲ್ಲ, ಆ ಬಿಸಿಗೆ ಒಳಗಿನ ಪೆಟ್ರೋಲ್ ಆವಿಯಾಗಿರುತ್ತದೆ. ಪಂಪು ಆವಿಯನ್ನು ತಳ್ಳಲಾರದು. ಮೆಕ್ಯಾನಿಕ್‌ಗಳು ಇದಕ್ಕೆ ವೇಪರ್ ಲಾಕ್ ಅಂತಾರೆ. ಮದ್ದು ನಿಮ್ಮ ಅಜ್ಜನಿಗೂ ಗೊತ್ತಿದ್ದಿರಬೇಕು: ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ ಸ್ವಲ್ಪ ಹೊತ್ತು ಕಾಯೋದು. ನಾನು ಕೊಡದಲ್ಲಿ ನೀರು, ಹಳೇ ಬನಿಯನ್ ತುಂಡುಗಳನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಒಂದು ಸಲ ನಾನು ಬಟ್ಟೆ ಹಿಂಡಿ ಸುತ್ತುವುದನ್ನು ನೋಡಿದ ಡೈರೆಕ್ಟರ್ ಕ್ಯಾಮೆರಾದವನನ್ನು ಕೂಗಿ ಕರೆದು ಅದನ್ನೇ ಕ್ಲೋಸಪ್‌ನಲ್ಲಿ ತೆಗೆಸಿದರು. ಎಪಿಸೋಡಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದೂ ಅದೇ ಶಾಟ್ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಬ್ಯಾಟರಿ. ಅವರಿಗೆ ಸ್ಟಾರ್ಟ್ ಆಗುವ ಸದ್ದು ಬೇಕು. ಸೌಂಡ್‌ನವನು ಮೈಕ್ ಹಿಡಿದು 'ಇನ್ನೊಂದ್ಸಲ ಸಾರ್' ಅಂತಲೇ ಇರುತ್ತಾನೆ. ಜೊತೆಗೆ ಹಗಲಿನಲ್ಲೂ ಹೆಡ್‌ಲೈಟ್ ಹಾಕಿ ಅಂತಾರೆ. ನಿಮ್ಮ ಕಾರಿನಲ್ಲಿ ಇನ್ನೂ ಹಳೇ ಡೈನಮೋನೇ ಇದ್ದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ ಅದು ಬ್ಯಾಟರಿ ಚಾರ್ಜ್ ಮಾಡೋದು ಅಷ್ಟಕ್ಕಷ್ಟೇ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೇರಿ ತಳ್ಳಬೇಕಾಗುತ್ತೆ.

ಆ್ಯಂಕರ್ ಓಡಿಸುತ್ತೇನೆ ಅಂದರೆ? ಖಾಲಿ ರಸ್ತೆ ಅಥವಾ ಮೈದಾನ ಆದರೆ, ನೀವು ಪಕ್ಕದಲ್ಲಿ ಕೂತು, ಸರಿ. ಆದರೆ ಮೊದಲು ಕ್ಯಾಮೆರಾ ಇಲ್ಲದೆ ಸ್ವಲ್ಪ ಓಡಿಸಲಿ. ನಾಲ್ಕೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕ್, ಒತ್ತಲು ಸಹಾಯ ಮಾಡುವ ಪವರ್ ಅಸಿಸ್ಟ್ ಇಲ್ಲ. ಈಗಿನ ಕಾರಿನ ಅಂದಾಜಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟರೆ ಮುಂದಿನ ಕ್ಯಾಮೆರಾ ಕಾರಿನ ಡಿಕ್ಕಿಯೊಳಗೇ ಹೋಗಿ ನಿಲ್ಲೋದು. ಸ್ಟೀರಿಂಗ್ ಪಕ್ಕದ ಗೇರಿನ ಬುಷ್ (ಒಳಗಿನ ಸಣ್ಣ ಬಳೆ) ಸವೆದಿದ್ದರೆ ಕೈಗೆ ಅಭ್ಯಾಸ ಇರುವವರಿಗೆ ಮಾತ್ರ ಗೇರ್ ಬೀಳುತ್ತೆ. ಬೇರೆಯವರು ಎಳೆದಾಡಿದರೆ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಸರಳುಗಳು (ಲಿಂಕೇಜ್) ಸಿಕ್ಕಿಕೊಳ್ಳುತ್ತವೆ.

'ಹಳೇದು ವರ್ಸಸ್ ಹೊಸದು' ಅಂತ ರೇಸ್ ಮಾಡಿಸುವ ಆಸೆಯೂ ಅವರಿಗೆ ಇರುತ್ತದೆ. ಖಂಡಿತ ಬೇಡ ಅನ್ನಿ. ಎಂಜಿನ್ ಮೇಲಿನ ಪ್ರೀತಿಗೆ ಮಾತ್ರ ಹೇಳುತ್ತಿಲ್ಲ. ನಿಮ್ಮ ಇನ್ಶೂರೆನ್ಸ್ ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನೋ ಭಾಗ ಓದಿ. ಖಾಸಗಿ ಕಾರಿನ ಪಾಲಿಸಿ ರೇಸಿಂಗ್, ಸ್ಪೀಡ್ ಟೆಸ್ಟ್, ಬಾಡಿಗೆ ಇವುಗಳಿಗೆ ಅನ್ವಯಿಸಲ್ಲ ಅಂತ ಅಲ್ಲೇ ಇದೆ. ನಾನು ಬಾಡಿಗೆ ಬೇಡ ಅಂದಿದ್ದೂ ಇದಕ್ಕೇ. ವೈಟ್ ಬೋರ್ಡ್ ಗಾಡಿಗೆ ದಿನಬಾಡಿಗೆ ತಗೊಂಡು ಅವತ್ತೇ ಯಾರಿಗಾದರೂ ತಾಗಿದರೆ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ನೀವೇ ಕಾರಣ ಕೊಟ್ಟ ಹಾಗೆ.

ನಿಮ್ಮ ಕಾರಿಗೆ 50 ವರ್ಷ ದಾಟಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಅದನ್ನು ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದು. ಹಳೇ ನಂಬರ್ ಹಾಗೇ ಉಳಿಯುತ್ತದೆ, ನಂಬರಿನಲ್ಲಿ 'ವಿಎ' ಅಕ್ಷರ ಬರುವ ಸೀರೀಸ್ ಹೊಸದಾಗಿ ರಿಜಿಸ್ಟರ್ ಆಗುವ ಗಾಡಿಗಳಿಗೆ. ಈಗಾಗಲೇ ಹಾಗೆ ಮಾಡಿಸಿದ್ದರೆ ಜೋಪಾನ. ಆ ಗಾಡಿ ರಸ್ತೆಗೆ ಇಳಿಯೋದು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ದಿನಬಳಕೆಗೂ ಇಲ್ಲ, ವ್ಯಾಪಾರಕ್ಕೂ ಇಲ್ಲ. ಆಗ ಫ್ಲಾಟ್‌ಬೆಡ್ ಲಾರಿಯಲ್ಲಿ ತಗೊಂಡು ಹೋಗಿ ಯಾರದಾದರೂ ತೋಟದೊಳಗೆ ಶೂಟ್ ಮಾಡಿ ಅನ್ನಿ.

ಹಾಗಾದರೆ ಏನು ಕೇಳಬೇಕು? ಫ್ಲಾಟ್‌ಬೆಡ್ ಖರ್ಚು, ಪೆಟ್ರೋಲ್, ನಿಮ್ಮ ಮೆಕ್ಯಾನಿಕ್‌ನ ಒಂದು ದಿನದ ಕೂಲಿ. ಈ ಮೂರನೆಯದನ್ನು ಸಂಕೋಚ ಇಲ್ಲದೆ ಕೇಳಿ. ದಿನವಿಡೀ ಅವನು ಜೊತೆಗಿದ್ದರೆ ನಿಮ್ಮ ಅರ್ಧ ತಲೆನೋವು ಕಡಿಮೆ. ಮತ್ತೆ ಒಂದು ಪುಟದ ಕಾಗದ ಬರೆಸಿಕೊಳ್ಳಿ: ಎಲ್ಲಿ, ಎಷ್ಟು ಹೊತ್ತು, ಯಾರು ಓಡಿಸುತ್ತಾರೆ, ಡ್ಯಾಮೇಜ್ ಆದರೆ ಯಾರು ಕೊಡುತ್ತಾರೆ. ಸಾರ್ವಜನಿಕ ರಸ್ತೆ ಅಂದರೆ ಪೊಲೀಸ್ ಪರ್ಮಿಷನ್ನಿನ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ಟೇಪ್ ವಿಷಯವನ್ನೂ ಆ ಕಾಗದದಲ್ಲೇ ಸೇರಿಸಿ. ಒಂದು ತಂಡದ ಹುಡುಗ ನನ್ನ ಕಾರಿನ ಬಾಗಿಲಿಗೆ ಸಣ್ಣ ಕ್ಯಾಮೆರಾ ಕೂರಿಸಿ, ಬೀಳದಿರಲಿ ಅಂತ ಸುತ್ತಲೂ ದಪ್ಪ ಟೇಪ್ ಹಾಕಿದ. ಸಂಜೆ ಕಿತ್ತಾಗ ಪೇಂಟೂ ಜೊತೆಗೆ ಬಂತು, ಕೆಳಗೆ ಮೆತ್ತಿದ ಪುಟ್ಟಿ ಕಾಣುವಷ್ಟು. ಹಳೇ ಪೇಂಟ್, ಅದರಡಿ ಇನ್ನೂ ಹಳೇ ಪುಟ್ಟಿ, ಹೀಗಾಗೋದು ಸಹಜ. ಆ ಚಾನೆಲ್ಲಿನವರು 'ನೋಡೋಣ ಸಾರ್' ಅಂದವರು ಇನ್ನೂ ನೋಡುತ್ತಲೇ ಇದ್ದಾರೆ. ಕ್ಯಾಮೆರಾ ಹಾಕಲೇಬೇಕು ಅಂದರೆ ಗಾಜಿನ ಮೇಲೆ ಹಾಕಲಿ, ಪೇಂಟಿನ ಮೇಲೆ ಬೇಡ.