ಸಂಪಾದಕರ ಉತ್ತರ: ಕೊಲೆಯಿಂದಲ್ಲ, ಕಾಗದದಿಂದ ಶುರು ಮಾಡಿ

ಜಮಖಂಡಿಯ ಹೈಸ್ಕೂಲ್ ಮಾಸ್ತರರೊಬ್ಬರ ಪತ್ರ: “ಹತ್ತನೇ ಇಯತ್ತೆಯ ಮಕ್ಕಳಿಗೆ ಹಿಟ್ಲರನ ನರಮೇಧ ಯಾಕೆ? ಹುಡುಗರು ಹೆದರುತ್ತಾರೆ, ಇಲ್ಲವೇ ದ್ವೇಷ ಕಲಿಯುತ್ತಾರೆ. ಎರಡು ಸಾಲಿನಲ್ಲಿ ಮುಗಿಸಿದರೆ ಸಾಲದೇ?”

ಗುರುಗಳೇ, ಹೆದರಿಕೆಯ ಮಾತು ಒಪ್ಪಿದೆ. ಹೆಣದ ರಾಶಿಯ ಫೋಟೋದಿಂದ ಪಾಠ ಶುರುವಾದರೆ ಮಕ್ಕಳು ಮುಖ ತಿರುಗಿಸುತ್ತಾರೆ, ಮುಂದೆ ಹೇಳಿದ್ದು ತಲೆಗಿಳಿಯುವುದಿಲ್ಲ. ಆದರೆ ಎರಡು ಸಾಲು ಸಾಲದು. ಅದರಲ್ಲಿ ಉಳಿಯುವುದು 60 ಲಕ್ಷ ಯಹೂದಿಗಳು ಸತ್ತರು ಎಂಬ ಅಂಕಿಯೊಂದೇ. ಅದನ್ನು ಬಾಯಿಪಾಠ ಮಾಡಿದವರಿಗೆ ಒಂದು ಅಂಕ ಸಿಕ್ಕೀತು, ಅಷ್ಟೇ.

ಕಾಗದದಿಂದ ಶುರು ಮಾಡಿ. 1933ರ ಏಪ್ರಿಲ್‌ನಲ್ಲಿ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ಬಂತು. 1935ರಲ್ಲಿ ಪೌರತ್ವ ಹೋಯಿತು. 1938ರ ನವೆಂಬರ್‌ನಲ್ಲಿ ಅವರ ಮಕ್ಕಳನ್ನು ಜರ್ಮನ್ ಶಾಲೆಗಳಿಂದ ಹೊರಹಾಕಿದರು. 1941ರಲ್ಲಿ ಯಹೂದಿ ಎಂದು ಗುರುತಿಸಲು ಎದೆಯ ಮೇಲೆ ಹಳದಿ ನಕ್ಷತ್ರ. ಒಂದೊಂದು ಮೆಟ್ಟಿಲಿಗೂ ನಿಂತು ಕೇಳಿ: ಆದೇಶ ಬರೆದ ಗುಮಾಸ್ತ ಏನು ಮಾಡಬಹುದಿತ್ತು? ಹಾಜರಿ ಪುಸ್ತಕದಿಂದ ಹೆಸರು ಹೊಡೆದ ಮಾಸ್ತರ?

ಇದಕ್ಕೆ ಮೂರು ಪೀರಿಯಡ್ ಬೇಕು. ಕೊನೆಯದು ಪೂರ್ತಿ ಮಕ್ಕಳ ಪ್ರಶ್ನೆಗಳಿಗೆ. ಸೈನಿಕ-ಕೈದಿ ನಾಟಕ ಮಾತ್ರ ಆಡಿಸಬೇಡಿ. ಸಂಕಟ ಆಟವಾಗುತ್ತದೆ, ಕೈದಿಯಾದ ಹುಡುಗನನ್ನು ಉಳಿದವರು ತಿಂಗಳುಗಟ್ಟಲೆ ಕಾಡುತ್ತಾರೆ.

ಇನ್ನು ದ್ವೇಷದ ಮಾತು. ಆಫ್ರಿಕಾದ ರುವಾಂಡಾವನ್ನು ಆಳುತ್ತಿದ್ದ ಬೆಲ್ಜಿಯನ್ನರು 1930ರ ದಶಕದಲ್ಲಿ ಅಲ್ಲಿನ ಜನರ ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ ಎಂದು ಅವರ ಪಂಗಡ ಬರೆಸಿದರು. 1994ರಲ್ಲಿ ರೇಡಿಯೋ ಟುಟ್ಸಿಗಳನ್ನು ಜಿರಳೆ ಎಂದು ಕರೆಯಿತು, ಹುಟು ಉಗ್ರರು ರಸ್ತೆ ತಡೆಗಳಲ್ಲಿ ಅದೇ ಚೀಟಿ ನೋಡಿ ಟುಟ್ಸಿಗಳನ್ನು ಕೊಂದರು. ಸುಮಾರು 100 ದಿನ, 8 ಲಕ್ಷದಷ್ಟು ಜೀವ. ಆಮೇಲೆ ಅಲ್ಲಿನ ಶಾಲೆಗಳಲ್ಲಿ ಇತಿಹಾಸದ ಪಾಠವನ್ನೇ ವರ್ಷಗಟ್ಟಲೆ ನಿಲ್ಲಿಸಿದರು. ಶಾಲೆ ಬಾಯಿ ಮುಚ್ಚಿದರೆ ಮನೆಯ ಜಗಲಿ ಸುಮ್ಮನಿರುತ್ತದೆಯೇ? ಅಲ್ಲಿ ಹೇಳುವುದನ್ನು ತಿದ್ದುವವರು ಯಾರೂ ಇರುವುದಿಲ್ಲ. ಕಾಂಬೋಡಿಯಾದಲ್ಲಿ ತನ್ನ ಜನರನ್ನೇ ಲಕ್ಷಗಟ್ಟಲೆ ಬಲಿ ತೆಗೆದುಕೊಂಡ ಪೋಲ್ ಪಾಟ್ ಆಡಳಿತ 1979ಕ್ಕೆ ಮುಗಿದರೂ, ಅದರ ಬಗ್ಗೆ ಹೈಸ್ಕೂಲ್ ಮಕ್ಕಳಿಗೊಂದು ಸರಿಯಾದ ಪುಸ್ತಕ ಬರಲು 2007 ಆಗಬೇಕಾಯಿತು. ತುರ್ಕಿಯ ಪಠ್ಯಗಳು 1915ರ ಅರ್ಮೇನಿಯನ್ನರ ಕೊಲೆಯನ್ನು ನರಮೇಧ ಎಂದು ಒಪ್ಪಿಲ್ಲ. ಜರ್ಮನಿಯಾದರೋ ತನ್ನದೇ ಪಾಪವನ್ನು ಕಡ್ಡಾಯ ಪಾಠ ಮಾಡಿಕೊಂಡು, ಮಕ್ಕಳನ್ನು ನಾಜಿಗಳು ಕೈದಿಗಳನ್ನು ಕೂಡಿಹಾಕಿದ್ದ ದಾಖೌ, ಬುಖೆನ್‌ವಾಲ್ಡ್ ಶಿಬಿರಗಳಿಗೇ ಕರೆದೊಯ್ಯುತ್ತದೆ. ಆ ಧೈರ್ಯಕ್ಕೆ ನನ್ನ ಗೌರವವಿದೆ.

ನಮ್ಮ ಗೋಳು ಬೇರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಎಂಬ ಚಿಂತೆಯಲ್ಲಿ ಸಮಾಜದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ, ಉಳಿದದ್ದು ಪಾಸಾಗುವಷ್ಟನ್ನೇ ಬಾಯಿಪಾಠ ಮಾಡಿಸುವ ಪಾಸಿಂಗ್ ಪ್ಯಾಕೇಜಿಗೆ. ನಿಮ್ಮಂಥ ಕಾಳಜಿಯ ಮಾಸ್ತರರೂ ಎರಡು ಸಾಲಿಗೆ ಬಂದದ್ದು ಇದರಿಂದಲೇ ಇರಬೇಕು. ಆ ಮೂರು ಪೀರಿಯಡ್‌ಗಳನ್ನು ದಸರಾ ರಜೆಗೆ ಮೊದಲೇ ಹೆಡ್‌ಮಾಸ್ತರರಿಂದ ಕೇಳಿ ಪಡೆಯಿರಿ. ಜನವರಿ ಬಂದರೆ ಸಿಗುವುದಿಲ್ಲ.