ಹಳೇ ಲ್ಯಾಪ್‌ಟಾಪ್‌ಗೆ ನಂಬಿ ಹಾಕಿಸಬಹುದಾದ ಎಸ್‌ಎಸ್‌ಡಿ ಯಾವುದು?

ನೀವು ಕೇಳಿದ್ದು ಇಷ್ಟು. ರಾಯಚೂರಿನಲ್ಲಿ ಬಿ.ಕಾಂ. ಓದುತ್ತಿದ್ದೀರಿ. ಅಣ್ಣ ಬಳಸಿ ಬಿಟ್ಟ ಎಂಟು ವರ್ಷದ ಲ್ಯಾಪ್‌ಟಾಪ್ ಕೈಗೆ ಬಂದಿದೆ. ಆನ್ ಆಗೋಕೆ ಐದು ನಿಮಿಷ ಬೇಕು, ಟ್ಯಾಲಿ ತೆರೆದರೆ ಅಲ್ಲೇ ನಿಂತುಬಿಡುತ್ತದೆ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿಸೋಣ ಅಂದರೆ ಒಬ್ಬೊಬ್ಬ ಅಂಗಡಿಯವರು ಒಂದೊಂದು ಕಂಪನಿ ಹೆಸರು ಹೇಳುತ್ತಾರೆ. ನಡುವೆ ಕೈಕೊಡದ ಎಸ್‌ಎಸ್‌ಡಿ ಯಾವುದು?

ನಾನೂ ಇದೇ ಊರಿನವನು. ಮದುವೆ ಫೋಟೊ, ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುತ್ತೇನೆ. ಹಾಗಾಗಿ ಡಿಸ್ಕ್ ವಿಷಯದಲ್ಲಿ ಒಂದಷ್ಟು ದುಡ್ಡು, ಒಂದಷ್ಟು ಮರ್ಯಾದೆ ಎರಡೂ ಕಳೆದುಕೊಂಡಿದ್ದೇನೆ. ಕೈಕೊಡದ ಎಸ್‌ಎಸ್‌ಡಿ ಅಂತ ಯಾವುದೂ ಇಲ್ಲ. ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳುವ ಕಂಪನಿಯದು, 5 ವರ್ಷ ವಾರಂಟಿ ಇರುವುದು, ಬಿಲ್ಲಿನ ಸಮೇತ ಸಿಗುವುದು ಇದ್ದರೆ ಅದನ್ನು ತಗೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ಗೆ ಸ್ಯಾಮ್‌ಸಂಗ್ 870 ಇವೊ ಅಥವಾ ಕ್ರೂಷಿಯಲ್ ಎಂಎಕ್ಸ್500, ಯಾವುದು ಸಿಕ್ಕರೆ ಅದು, 500 ಜಿಬಿ. ಆತುರ ಇದ್ದರೆ ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಗೊತ್ತಾಗಬೇಕಾದರೆ ಮುಂದೆ ಓದಿ.

ಕೆಲವು ವರ್ಷದ ಹಿಂದೆ, ಮೇ ತಿಂಗಳ ಮದುವೆ ಸೀಸನ್‌ನಲ್ಲಿ, ಇಲ್ಲಿನ ಒಂದು ಅಂಗಡಿಯಲ್ಲಿ ಹೆಸರೇ ಕೇಳಿರದ ಎಸ್‌ಎಸ್‌ಡಿ ಒಂದನ್ನು ತಗೊಂಡೆ. 1 ಟಿಬಿ, ಬೇರೆಯವುದರ ಮುಕ್ಕಾಲು ಬೆಲೆಗೂ ಕಡಿಮೆ. ಬಿಲ್ಲು ಅಂತ ಕೊಟ್ಟಿದ್ದು ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದ ತಾರೀಖು. ನಾಲ್ಕು ತಿಂಗಳು ಕುದುರೆಯಂತೆ ಓಡಿತು. ಒಂದು ದಿನ ಮಾನ್ವಿ ಕಡೆಯ ಮದುವೆಯ ವಿಡಿಯೊ ಅರ್ಧ ಎಡಿಟ್ ಮಾಡಿ ಮಲಗಿದೆ. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪ್‌ಗೆ ಡಿಸ್ಕ್ ಇರುವುದೇ ಗೊತ್ತಾಗುತ್ತಿಲ್ಲ. ಹಾರ್ಡ್ ಡಿಸ್ಕ್ ಆದರೆ ಸಾಮಾನ್ಯವಾಗಿ ಸಾಯುವ ಮುಂಚೆ ಟಕ್ ಟಕ್ ಅಂತ ಸದ್ದು ಮಾಡುತ್ತದೆ, ನಿಧಾನ ಆಗುತ್ತದೆ, ನಾಲ್ಕು ದಿನ ಟೈಮ್ ಕೊಡುತ್ತದೆ. ಎಸ್‌ಎಸ್‌ಡಿ ಹಾಗಲ್ಲ, ರಾತ್ರಿ ಇತ್ತು, ಬೆಳಿಗ್ಗೆ ಇಲ್ಲ. ರಿಪೇರಿಯವನು ತಿರುಗಿಸಿ ಮುರುಗಿಸಿ ನೋಡಿ, "ಅಣ್ಣಾ, ಇದ್ರಾಗ ಏನೂ ಕಾಣಂಗಿಲ್ಲ" ಅಂದ. ಕ್ಯಾಮೆರಾದ ಒಂದು ಕಾರ್ಡ್ ಮಾತ್ರ ಇನ್ನೂ ಅಳಿಸಿರಲಿಲ್ಲ. ಹಾಗಾಗಿ ತಾಳಿ ಕಟ್ಟಿದ್ದು ಉಳಿಯಿತು, ಅರಿಶಿನ ಶಾಸ್ತ್ರ ಹೋಯಿತು. ಹುಡುಗಿಯ ಅಪ್ಪನ ಮುಂದೆ ಕೂತು ಆ ಮಾತು ಹೇಳಿದ್ದು ಇವತ್ತಿಗೂ ಮರೆತಿಲ್ಲ.

ಆಮೇಲೆ ಕೂತು ಕಲಿತೆ. ಎಸ್‌ಎಸ್‌ಡಿಯೊಳಗೆ ಕೋಟಿಗಟ್ಟಲೆ ಸಣ್ಣ ಸಣ್ಣ ಕೋಶಗಳಿರುತ್ತವೆ. ಒಂದೊಂದರಲ್ಲೂ ಒಂದಿಷ್ಟು ವಿದ್ಯುತ್ ಚಾರ್ಜ್ ಹಿಡಿದಿಟ್ಟು, ಎಷ್ಟಿದೆ ಅನ್ನುವುದರ ಮೇಲೆ ಡೇಟಾ ಓದುತ್ತಾರೆ. ತಂಬಿಗೆಗೆ ಗೆರೆ ಹಾಕಿ ನೀರು ಅಳೆದ ಹಾಗೆ ಅಂದುಕೊಳ್ಳಿ. ಟಿಎಲ್‌ಸಿ ಅನ್ನುವ ಜಾತಿಯಲ್ಲಿ ಒಂದು ಕೋಶಕ್ಕೆ 3 ಬಿಟ್ (ಒಂದು ಬಿಟ್ ಅಂದರೆ 0 ಅಥವಾ 1), ಅಂದರೆ ತಂಬಿಗೆಯಲ್ಲಿ 8 ಮಟ್ಟ. ಕ್ಯೂಎಲ್‌ಸಿಯಲ್ಲಿ 4 ಬಿಟ್, 16 ಮಟ್ಟ. ತಂಬಿಗೆ ಅದೇ, ಗೆರೆಗಳು ಮಾತ್ರ ಒತ್ತೊತ್ತಾಗಿವೆ. ಸ್ವಲ್ಪ ನೀರು ಆರಿದರೂ ಓದುವಾಗ ಗೆರೆ ತಪ್ಪುತ್ತದೆ. ಅದಕ್ಕೇ ಕ್ಯೂಎಲ್‌ಸಿ ಅಗ್ಗ, ಬಾಳಿಕೆ ಕಡಿಮೆ. ದೊಡ್ಡ ಫೈಲ್ ಹಾಕುತ್ತಾ ಹೋದರೆ ಅದರ ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಓದುವ ಕೆಲಸಕ್ಕೇ ಜಾಸ್ತಿ ಬಳಸುವವರಿಗೆ ಅದು ನಡೆಯುತ್ತದೆ, ಕೆಟ್ಟದ್ದೇನಲ್ಲ. ಆದರೆ ಲ್ಯಾಪ್‌ಟಾಪ್‌ನಲ್ಲಿ ಇರುವುದೇ ಒಂದು ಡಿಸ್ಕ್ ಅಂದಾಗ ಟಿಎಲ್‌ಸಿಯೇ ಇರಲಿ.

ಒಳಗಿರುವುದು ಯಾವುದು ಅಂತ ಪೆಟ್ಟಿಗೆ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಮಾಡೆಲ್‌ನ ವಿವರದ ಹಾಳೆ ಇರುತ್ತದೆ, ಅಲ್ಲಿ ನೋಡಬೇಕು. ಅಲ್ಲೂ ಬರೆದಿಲ್ಲ ಅಂದರೆ ಅದನ್ನು ನಾನು ಮುಟ್ಟುವುದಿಲ್ಲ. ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಈ ಬ್ಯಾಚ್‌ಗೆ ಒಂದು ಚಿಪ್, ಮುಂದಿನ ಬ್ಯಾಚ್‌ಗೆ ಇನ್ನೊಂದು. ಹೆಸರು, ಸ್ಟಿಕ್ಕರ್ ಎಲ್ಲಾ ಅದೇ. ಯೂಟ್ಯೂಬ್‌ನಲ್ಲಿ ಹೊಗಳಿದ ಸರಕೇ ನಿಮ್ಮ ಕೈಗೆ ಬರುತ್ತದೆ ಅಂತ ಗ್ಯಾರಂಟಿ ಇಲ್ಲ.

ಇನ್ನು ಟಿಬಿಡಬ್ಲ್ಯು. ಒಟ್ಟು ಎಷ್ಟು ಟೆರಾಬೈಟ್ ಬರೆಯುವವರೆಗೆ ವಾರಂಟಿ ನಡೆಯುತ್ತದೆ ಅನ್ನುವ ಲೆಕ್ಕ ಅದು. 870 ಇವೊ 500 ಜಿಬಿಗೆ 300, ಎಂಎಕ್ಸ್500ನ 500 ಜಿಬಿಗೆ 180. ಇದನ್ನು ನೋಡಿ ಮಂದಿ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ನೀವು ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ. 300 ಮುಗಿಸೋಕೆ 40 ವರ್ಷ ಬೇಕು. 180 ಆದರೂ 24 ವರ್ಷ. ನನ್ನಂಥ ವಿಡಿಯೊದವನಿಗೇ ಅದು ಮುಗಿಯುವುದಿಲ್ಲ. ಟಿಬಿಡಬ್ಲ್ಯು ಪಕ್ಕದ ಸಾಲಿನಲ್ಲಿ ವಾರಂಟಿ 3 ವರ್ಷವೋ 5 ವರ್ಷವೋ ಅಂತ ಇರುತ್ತದಲ್ಲ, ನಾನು ಮೊದಲು ಓದುವುದು ಅದನ್ನು. ತನ್ನ ಸರಕಿನ ಮೇಲೆ ಕಂಪನಿಗೆ ಎಷ್ಟು ಧೈರ್ಯ ಅಂತ ಅಲ್ಲಿ ತಿಳಿಯುತ್ತದೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಟು ವರ್ಷದ, ಒಳಗೆ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಅಂದರೆ ಬಹುತೇಕ 2.5 ಇಂಚಿನ ಸಾಟಾ (ಡಿಸ್ಕ್ ಜೋಡಿಸುವ ಹಳೇ ಬಗೆಯ ಸಂಪರ್ಕ) ಜಾಗ. ಅಲ್ಲಿ ಸೆಕೆಂಡಿಗೆ 550 ಎಂಬಿ ಸುಮಾರಿಗೆ ಎಂಥ ಎಸ್‌ಎಸ್‌ಡಿಯೂ ನಿಂತುಬಿಡುತ್ತದೆ. ಅಷ್ಟು ಸಾಕು. ಹಾರ್ಡ್ ಡಿಸ್ಕ್‌ನ ಮುಳ್ಳು ಫೈಲ್ ಇರುವ ಜಾಗಕ್ಕೆ ಹೋಗೋಕೇ ಹತ್ತು ಮಿಲಿಸೆಕೆಂಡಿನ ಮೇಲೆ ತಗೊಳ್ಳುತ್ತದೆ, ಎಸ್‌ಎಸ್‌ಡಿಯಲ್ಲಿ ಓಡಾಡುವ ಮುಳ್ಳೇ ಇಲ್ಲ. ಹಳೇ ಲ್ಯಾಪ್‌ಟಾಪ್ ಹೊಸದರ ಹಾಗೆ ಅನ್ನಿಸುವುದು ಇದರಿಂದಲೇ.

ಎಂ.2 ಸ್ಲಾಟ್, ಅಂದರೆ ಪಟ್ಟಿಯಂಥ ಸಣ್ಣ ಎಸ್‌ಎಸ್‌ಡಿ ಕೂರುವ ಕಿಂಡಿ, ಇದ್ದರೆ ಮಾತ್ರ ಹುಷಾರು. ಎಂ.2 ಅನ್ನುವುದು ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾ ಕೂಡ ಬರುತ್ತದೆ, ಅದಕ್ಕಿಂತ ವೇಗದ ಹೊಸ ಬಗೆಯಾದ ಎನ್‌ವಿಎಂಇ ಕೂಡ ಬರುತ್ತದೆ. ಸಾಟಾ ಮಾತ್ರ ಗೊತ್ತಿರುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದೇ ಇಲ್ಲ. ಸಾಮಾನ್ಯವಾಗಿ ಪಿನ್ ಸಾಲಿನಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಉದ್ದವನ್ನೂ ನೋಡಿ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಎನ್‌ವಿಎಂಇ ಹಿಡಿಸುವುದಾದರೆ ಡಬ್ಲ್ಯುಡಿ ಬ್ಲೂ ಎಸ್‌ಎನ್580 ಸಾಕು. ಟಿಎಲ್‌ಸಿ, 5 ವರ್ಷ ವಾರಂಟಿ, 500 ಜಿಬಿಗೆ 300 ಟಿಬಿಡಬ್ಲ್ಯು.

ನಮ್ಮ ಊರಿಗೇ ಅಂಟಿದ ಎರಡು ಮಾತು ಹೇಳಬೇಕು. ಬೆಂಗಳೂರಿನವರು ಬರೆದ ಸಲಹೆಯಲ್ಲಿ ಇವು ಕಾಣುವುದಿಲ್ಲ.

ಒಂದು, ಕರೆಂಟ್. ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತದೆ, ನಮ್ಮ ಓಣಿಯಲ್ಲಿ ಹೋಗುತ್ತದೆ. ಎಂಟು ವರ್ಷದ ಲ್ಯಾಪ್‌ಟಾಪ್ ಅಂದರೆ ಬ್ಯಾಟರಿ ಸತ್ತೇ ಹೋಗಿರುತ್ತದೆ, ಪ್ಲಗ್‌ಗೆ ಹಾಕಿದರಷ್ಟೇ ಓಡುತ್ತದೆ, ಅಲ್ವಾ? ಹಾಗಿದ್ದರೆ ಕರೆಂಟ್ ಹೋದಾಗಲೆಲ್ಲ ಎಸ್‌ಎಸ್‌ಡಿ ಬರೆಯುತ್ತಿದ್ದ ಹಾಗೇ ಉಸಿರು ನಿಲ್ಲಿಸುತ್ತದೆ. ಯಾವ ಫೈಲ್ ಯಾವ ಕೋಶದಲ್ಲಿದೆ ಅನ್ನುವ ಪಟ್ಟಿಯನ್ನು ಎಸ್‌ಎಸ್‌ಡಿ ತಾನೇ ಇಟ್ಟುಕೊಂಡಿರುತ್ತದೆ. ಆ ಪಟ್ಟಿ ಬರೆಯುವಾಗ ಹೀಗಾದರೆ ಚಿಪ್ ಚೆನ್ನಾಗಿದ್ದೂ ಡಿಸ್ಕ್ ಪೂರ್ತಿ ಸತ್ತ ಹಾಗೆ. ಸರ್ವರ್ ಎಸ್‌ಎಸ್‌ಡಿಗಳಲ್ಲಿ ಇದಕ್ಕೆ ಅಂತಲೇ ಕ್ಷಣಕಾಲ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಇಡುತ್ತಾರೆ, ನಮಗೆ ಸಿಗುವ ಸಾಮಾನ್ಯ ಸರಕಿನಲ್ಲಿ ಇರುವುದು ಅಪರೂಪ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇಂಥ ದಿಢೀರ್ ಸ್ಥಗಿತಗಳ ಲೆಕ್ಕ ಕಾಣುತ್ತದೆ. ನನ್ನ ಎರಡನೇ ಎಸ್‌ಎಸ್‌ಡಿಯಲ್ಲಿ ಅದು ಒಂದೇ ವರ್ಷಕ್ಕೆ ಮುನ್ನೂರು ದಾಟಿತ್ತು. ಮೊದಲನೆಯದು ಸತ್ತಿದ್ದೂ ಇದರಿಂದಲೇ ಇರಬೇಕು ಅಂತ ಆಮೇಲೆ ಹೊಳೆಯಿತು. ದುಡ್ಡು ಬಿಗಿ ಇದ್ದರೆ ದುಬಾರಿ ಎಸ್‌ಎಸ್‌ಡಿ ಬಿಟ್ಟು ಮಧ್ಯಮದ್ದು ತಗೊಳ್ಳಿ, ಉಳಿದ ದುಡ್ಡಿಗೆ ಬ್ಯಾಟರಿ ಹಾಕಿಸಿ. ಅಂಗಡಿಯವರು ಈ ಮಾತು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನೊಂದು, ಬಿಸಿಲು. ತಂಬಿಗೆಯ ನೀರು ಸೆಕೆಗೆ ಬೇಗ ಆರುವ ಹಾಗೆ, ಬಿಸಿ ಜಾಗದಲ್ಲಿ ಇಟ್ಟ ಎಸ್‌ಎಸ್‌ಡಿಯ ಚಾರ್ಜ್ ಕೂಡ ಬೇಗ ಸೋರುತ್ತದೆ. ಮನೆ ಬಳಕೆಯ ಎಸ್‌ಎಸ್‌ಡಿ, ಕರೆಂಟ್ ಕೊಡದೆ 30 ಡಿಗ್ರಿಯಲ್ಲಿ ಇಟ್ಟರೆ 1 ವರ್ಷ ಡೇಟಾ ಹಿಡಿದಿರಬೇಕು ಅನ್ನುತ್ತದೆ ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ. ಇದನ್ನು ಓದಿ ಗಾಬರಿ ಬೀಳುವವರಿದ್ದಾರೆ. ಆದರೆ ಆ ಲೆಕ್ಕ ಬರೆಯುವ ಆಯಸ್ಸನ್ನೆಲ್ಲ ಮುಗಿಸಿದ ಡಿಸ್ಕಿನದು, ಹೊಸದು ಇನ್ನೂ ಜಾಸ್ತಿ ತಡೆಯುತ್ತದೆ. ಆದರೂ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ 30 ಡಿಗ್ರಿ ಅಂದರೆ ಬೆಳಗಿನ ಜಾವ! ಹಾಗಾಗಿ ಎಸ್‌ಎಸ್‌ಡಿಗೆ ಫೋಟೊ ತುಂಬಿ ತಗಡಿನ ಬೀರುವಿನಲ್ಲಿಟ್ಟು ಎರಡು ವರ್ಷ ಮರೆಯಬೇಡಿ. ಬೈಕಿನ ಡಿಕ್ಕಿಯಲ್ಲೂ ಬೇಡ. ಇಟ್ಟು ಮರೆಯೋ ಸಾಮಾನಿಗೆ ಹಾರ್ಡ್ ಡಿಸ್ಕೇ ವಾಸಿ.

ತಂದ ಮೇಲೆ ಮೊದಲ ದಿನವೇ ಅದೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ನೋಡಿ. ಹೊಸದು ಅಂತ ಕೊಟ್ಟಿದ್ದರಲ್ಲಿ ಸಾವಿರಾರು ಗಂಟೆ ಕಂಡರೆ ಅವತ್ತೇ ವಾಪಸ್ ಮಾಡಿ. ಆನ್‌ಲೈನ್‌ನಲ್ಲಿ ಪುಡಿಗಾಸಿಗೆ ಸಿಗುವ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಬಿಚ್ಚಿದರೆ ಒಳಗೆ ಅಂಟು ಹಾಕಿದ ಮೆಮೊರಿ ಕಾರ್ಡ್ ಇರುತ್ತದೆ, ಆ ಕಡೆ ತಲೆಯೇ ಹಾಕಬೇಡಿ.

ಕಂಪನಿಯ ಸಾಫ್ಟ್‌ವೇರ್ ಹಾಕಿ ಫರ್ಮ್‌ವೇರ್ (ಡಿಸ್ಕನ್ನು ಒಳಗಿನಿಂದ ನಡೆಸುವ ಪ್ರೋಗ್ರಾಂ) ಕೂಡ ಅಪ್‌ಡೇಟ್ ಮಾಡಿ. ಏನಾಗಿಬಿಡುತ್ತೆ ಅಂತ ಅಸಡ್ಡೆ ಬೇಡ. 2019ರ ನವೆಂಬರ್‌ನಲ್ಲಿ ಸರ್ವರ್ ತಯಾರಿಸುವ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಅವು ಸತ್ತುಹೋಗುತ್ತವೆ, ಡೇಟಾ ಕೂಡ ವಾಪಸ್ ಬರುವುದಿಲ್ಲ ಅಂತ. ತಪ್ಪು ಚಿಪ್‌ನದಲ್ಲ, ಫರ್ಮ್‌ವೇರ್‌ನದು. ಒಂದೇ ದಿನ ಹಾಕಿದ ಡಿಸ್ಕುಗಳೆಲ್ಲ ಒಟ್ಟಿಗೇ ಹೋಗುವ ಅಪಾಯ ಬೇರೆ. ದೊಡ್ಡವರ ಪಾಡೇ ಹೀಗಿರುವಾಗ ನಮ್ಮದೇನು.

500 ಜಿಬಿ ಯಾಕೆ ಅಂದರೆ, 240 ಜಿಬಿ ವಿಂಡೋಸ್‌ಗೂ ನಾಲ್ಕು ಸಿನಿಮಾಗೂ ಭರ್ತಿಯಾಗುತ್ತದೆ. ತುಂಬಿ ತುಳುಕುವ ಎಸ್‌ಎಸ್‌ಡಿ ನಿಧಾನವೂ ಆಗುತ್ತದೆ, ಬೇಗ ಸವೆಯುತ್ತದೆ ಕೂಡ. ಐದರಲ್ಲಿ ಒಂದು ಪಾಲು ಖಾಲಿ ಬಿಡಿ. ರ‍್ಯಾಮ್ 4 ಜಿಬಿ ಇದ್ದರೆ ಅದನ್ನೂ 8 ಮಾಡಿಸಿ, ಇಲ್ಲದಿದ್ದರೆ ಟ್ಯಾಲಿ ಜೊತೆ ಬ್ರೌಸರ್ ತೆರೆದಾಗ ಮತ್ತೆ ಅದೇ ಗೋಳು.

ಎಸ್‌ಎಸ್‌ಡಿ ಹಾಕಿದ ಮೇಲೆ ಅಂಗಡಿಯವರು ಹಳೇ ಹಾರ್ಡ್ ಡಿಸ್ಕ್ ಎಕ್ಸ್‌ಚೇಂಜ್ ಕೇಳುತ್ತಾರೆ. ಕೊಡಬೇಡಿ. ನಿಮ್ಮ ಅಣ್ಣನ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಏನೇನಿದೆಯೋ ಅದರಲ್ಲಿ. ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಕೇಸ್ ಸಿಗುತ್ತದೆ, ಅದಕ್ಕೆ ಹಾಕಿ ಇಟ್ಟುಕೊಳ್ಳಿ. ನಾನು ಪ್ರತಿ ಭಾನುವಾರ ತಿಂಡಿ ತಿನ್ನುವಷ್ಟರಲ್ಲಿ ಆ ವಾರದ ಕೆಲಸವನ್ನು ಹಾಗೇ ಒಂದು ಹಳೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತೇನೆ. ಈಗ ಯಾರ ಅಪ್ಪನ ಮುಂದೆಯೂ ಕೂರಬೇಕಾಗಿ ಬಂದಿಲ್ಲ.

ಲ್ಯಾಪ್‌ಟಾಪ್ ಹಿಂದೆ ಸ್ಟಿಕ್ಕರ್ ಮೇಲೆ ಮಾಡೆಲ್ ನಂಬರ್ ಇರುತ್ತದೆ, ಅದನ್ನು ಕೆಳಗೆ ಹಾಕಿ. ಸ್ಲಾಟ್ ಯಾವುದು ಅಂತ ನೋಡಿ ಹೇಳುತ್ತೇನೆ.