ಸುಮೋದ ಪವರ್ ಸ್ಟೀರಿಂಗ್ ಬಾಕ್ಸಿನಲ್ಲಿ ಪ್ಲೇ ಇದ್ದರೆ ಸ್ಕ್ರೂವನ್ನು ನಾವೇ ಬಿಗಿ ಮಾಡಬಹುದೇ?

ನಿಮ್ಮ ಹಳೆಯ ಟಾಟಾ ಸುಮೋ ನೇರ ರಸ್ತೆಯಲ್ಲಿ ಹೋಗುವಾಗ ಸ್ಟೀರಿಂಗ್ ಸುಮಾರು 2 ಇಂಚು ಅತ್ತಿತ್ತ ಆಡಿದರೂ ಗಾಡಿ ಅಲುಗುವುದಿಲ್ಲ, ಚಕ್ರಗಳನ್ನು ತಿರುಗಿಸುವ ಸರಳುಗಳ ತುದಿಯ ಕೀಲುಗಳಾದ ಟೈ ರಾಡ್ ಎಂಡ್‌ಗಳನ್ನು ಹೊಸದಾಗಿ ಹಾಕಿಸಿದರೂ ಗುಣ ಕಾಣಲಿಲ್ಲ, ಆದ್ದರಿಂದ ಬಾಕ್ಸಿನ ಮೇಲಿನ ಸ್ಕ್ರೂವನ್ನು ನೀವೇ ಬಿಗಿ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಪ್ಲೇ, ಅಂದರೆ ಆ ಸಡಿಲ ಆಟ, ನಿಜವಾಗಿ ಬಾಕ್ಸಿನೊಳಗೇ ಇದೆ ಎಂಬುದು ಖಚಿತವಾಗುವವರೆಗೆ ಆ ಸ್ಕ್ರೂವನ್ನು ಮುಟ್ಟಬೇಡಿ. ಇದೇ ಬಗೆಯ ಬಾಕ್ಸಿರುವ ಗಾಡಿಯನ್ನು ಹಲವು ವರ್ಷ ಓಡಿಸಿರುವ ನಾನು ಒಮ್ಮೆ ಅವಸರಪಟ್ಟು ಕೆಟ್ಟಿದ್ದೇನೆ.

ಪರೀಕ್ಷೆಗೆ ಇಬ್ಬರು ಬೇಕು. ಚಕ್ರಗಳು ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಎಂಜಿನ್ ಚಾಲೂ ಮಾಡಿ. ಒಬ್ಬರು ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು, ಫ್ಯಾನಿನಿಂದ ಕೈ ದೂರವಿಟ್ಟುಕೊಂಡು, ಬಾಕ್ಸಿನೊಳಗೆ ಹೋಗುವ ಶಾಫ್ಟನ್ನೂ ಕೆಳಗಿದ್ದು ಟೈ ರಾಡುಗಳ ಕಡೆಗೆ ಚಲನೆ ಕೊಡುವ ಡ್ರಾಪ್ ಆರ್ಮ್ ಎಂಬ ತೋಳನ್ನೂ ನೋಡಬೇಕು. ಶಾಫ್ಟ್ ತಿರುಗಿಯೂ ಡ್ರಾಪ್ ಆರ್ಮ್ ಸುಮ್ಮನಿದ್ದರೆ ದೋಷ ಬಾಕ್ಸಿನದು. ಡ್ರಾಪ್ ಆರ್ಮ್ ಕೂಡಲೇ ಅಲುಗಿ ಚಕ್ರ ಮಾತ್ರ ತಡವಾಗಿ ಅಲುಗಿದರೆ ಐಡ್ಲರ್ ಆರ್ಮ್ (ಎದುರು ಬದಿಯ ಆಧಾರದ ತೋಳು), ಬಾಲ್ ಜಾಯಿಂಟ್, ವ್ಹೀಲ್ ಬೇರಿಂಗ್ ಕಡೆ ನೋಡಿ. ಬಾಕ್ಸೇ ಚಾಸಿಯ ಮೇಲೆ ಅಲ್ಲಾಡುತ್ತಿದ್ದರೆ ಬಿಗಿ ಮಾಡಬೇಕಾದದ್ದು ಅದರ ಬೋಲ್ಟುಗಳನ್ನು. ಸ್ಟೀರಿಂಗ್ ಕಾಲಮ್ಮಿನ ಯೂನಿವರ್ಸಲ್ ಜಾಯಿಂಟನ್ನು ಬಹಳ ಜನ ಮರೆಯುತ್ತಾರೆ, ಅದನ್ನೂ ಕೈಯಲ್ಲಿ ಹಿಡಿದು ನೋಡಿ.

ಎಂಜಿನ್ ಚಾಲೂ ಇರಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪವರ್ ಸ್ಟೀರಿಂಗ್ ಬಾಕ್ಸಿನಲ್ಲಿ ಮೇಲಿನ ಶಾಫ್ಟಿಗೂ ಒಳಗಿನ ತಿರುಪಿನಂಥ ಸುರುಳಿ ಗೇರಾದ ವರ್ಮ್‌ಗೂ ನಡುವೆ ಟಾರ್ಷನ್ ಬಾರ್ ಎಂಬ ತೆಳ್ಳನೆಯ ಉಕ್ಕಿನ ಸರಳಿರುತ್ತದೆ. ಅದು ಕೊಂಚ ತಿರುಚಿಕೊಂಡಾಗಲೇ ವಾಲ್ವ್ ತೆರೆದು ಆಯಿಲ್ ಒತ್ತಡ ಸಹಾಯಕ್ಕೆ ಬರುತ್ತದೆ. ಎಂಜಿನ್ ಆಫ್ ಆಗಿದ್ದರೆ ಆ ತಿರುಚುವಿಕೆಯೆಲ್ಲ ಕೈಗೆ ಪ್ಲೇಯಂತೆಯೇ ತೋರುತ್ತದೆ. ಹೀಗೆ ಮೋಸಹೋಗಿ ಒಳ್ಳೆಯ ಬಾಕ್ಸನ್ನು ಬಿಗಿ ಮಾಡಿಸಿಕೊಂಡವರುಂಟು.

ಈಗ ಸ್ಕ್ರೂ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಡ್ರಾಪ್ ಆರ್ಮನ್ನು ತಿರುಗಿಸುವ ಸೆಕ್ಟರ್ ಶಾಫ್ಟಿನ ಹಲ್ಲುಗಳು ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ, ಓರೆಯಾಗಿರುತ್ತವೆ. ಸ್ಕ್ರೂ ಒಳಕ್ಕೆ ಹೋದಂತೆ ಶಾಫ್ಟ್ ಕೆಳಕ್ಕೆ ಸರಿದು, ಬೆಣೆ ಬಡಿದ ಹಾಗೆ, ವರ್ಮಿನ ಮೇಲೆ ಉಕ್ಕಿನ ಗುಂಡುಗಳ ಮೂಲಕ ಸರಿಯುವ ಬಾಲ್ ನಟ್ಟಿನ ಹಲ್ಲುಗಳೊಂದಿಗೆ ಇನ್ನಷ್ಟು ಬಿಗಿಯಾಗಿ ಕೂಡುತ್ತದೆ. ಗಾಡಿ ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ನಡುವಿನ ಹಲ್ಲೇ ಮೊದಲು ಸವೆಯುತ್ತದೆ. ಇದು ಗೊತ್ತಿದ್ದೇ ತಯಾರಿಸುವಾಗ ನಡುವೆ ಹಿಡಿತ ಬಿಗಿಯಾಗಿ, ಎರಡೂ ತುದಿಗಳಲ್ಲಿ ತುಸು ಸಡಿಲವಾಗಿ ಇರುವಂತೆ ಮಾಡಿರುತ್ತಾರೆ. ಆದ್ದರಿಂದ ಸ್ಟೀರಿಂಗ್ ಒಂದು ಕಡೆ ತಿರುಗಿರುವಾಗ ಪ್ಲೇ ತೆಗೆದರೆ ನಡುವಿಗೆ ಬಂದಾಗ ಬಾಕ್ಸ್ ಕಚ್ಚಿಕೊಳ್ಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಚಕ್ರ ನೇರವಾಗಿದೆಯೆಂದ ಮಾತ್ರಕ್ಕೆ ಬಾಕ್ಸ್ ನಡುವಿನಲ್ಲಿದೆ ಎಂದಲ್ಲ. ಅಲೈನ್‌ಮೆಂಟ್ ಮಾಡಿದವರು ಒಂದು ಕಡೆಯ ಟೈ ರಾಡನ್ನು ಮಾತ್ರ ತಿರುಗಿಸಿ, ಸ್ಟೀರಿಂಗ್ ವಾಲಿತೆಂದು ಅದನ್ನೇ ಕಳಚಿ ನೇರವಾಗಿ ಕೂರಿಸಿದ್ದರೆ, ಗಾಡಿ ನೇರ ಹೋಗುವಾಗ ಬಾಕ್ಸ್ ಸಡಿಲವಿರುವ ಭಾಗದಲ್ಲಿ ಕೆಲಸ ಮಾಡುತ್ತಿರುತ್ತದೆ. ನೀವು ಹೊಸ ಟೈ ರಾಡ್ ಎಂಡ್ ಹಾಕಿಸಿದ್ದೀರಿ ಎಂದಮೇಲೆ ನನಗೆ ಮೊದಲ ಅನುಮಾನ ಇದರ ಮೇಲೆಯೇ. ಮುಂಭಾಗವನ್ನು ಜ್ಯಾಕ್‌ನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಷ್ಟು ಸುತ್ತು ಹೋಗುತ್ತದೆಂದು ಎಣಿಸಿ, ಅದರ ಅರ್ಧಕ್ಕೆ ತನ್ನಿ. ಆಗ ಚಕ್ರಗಳು ಓರೆಯಾಗಿದ್ದರೆ ಸ್ಕ್ರೂವಿನ ಯೋಚನೆ ಬಿಟ್ಟು ಎರಡೂ ಟೈ ರಾಡುಗಳನ್ನು ಸರಿಮಾಡಿಸಿ.

ಎಲ್ಲವೂ ಸರಿಯಿದ್ದೂ ಪ್ಲೇ ಉಳಿದಿದ್ದರೆ, ಮುಂಭಾಗ ಎತ್ತಿರುವ ಹಾಗೆಯೇ ಎಂಜಿನ್ ಆಫ್ ಮಾಡಿ, ಬಾಕ್ಸನ್ನು ನಡುವಿನಲ್ಲಿಟ್ಟು, ಸ್ಕ್ರೂ ಮತ್ತು ಮುಚ್ಚಳದ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ. ಸ್ಕ್ರೂವನ್ನು ಅಲೆನ್ ಕೀಯಿಂದಲೋ ಸ್ಕ್ರೂ ಡ್ರೈವರ್‌ನಿಂದಲೋ ಅಲುಗದಂತೆ ಹಿಡಿದು ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ಬಲಕ್ಕೆ ತಿರುಗಿಸಿ, ಮತ್ತೆ ಹಿಡಿದುಕೊಂಡೇ ನಟ್ ಬಿಗಿ ಮಾಡಿ. ಹಾಗೆ ಹಿಡಿಯದಿದ್ದರೆ ನಟ್ಟಿನ ಜೊತೆ ಸ್ಕ್ರೂವೂ ಸುತ್ತಿ ನಿಮ್ಮ ಲೆಕ್ಕ ತಪ್ಪುತ್ತದೆ. ಬಳಿಕ ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ, ನಡುವೆ ಎಲ್ಲಿಯೂ ಗಂಟು ಸಿಕ್ಕಿದಂತೆ ತಡೆಯುವುದಿಲ್ಲವೆಂದು ನೋಡಿಕೊಂಡು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ತಿರುವು ಮುಗಿದಾಗ ಸ್ಟೀರಿಂಗ್ ತಾನಾಗಿಯೇ ಹಿಂದಕ್ಕೆ ಬರಬೇಕು; ಬರದಿದ್ದರೆ ಬಿಗಿ ಹೆಚ್ಚಾಗಿದೆ.

ನಾನು ಒಂದೇ ಸಲ ಅರ್ಧ ಸುತ್ತು ತಿರುಗಿಸಿದ್ದೆ. ಊರೊಳಗೆ ಸ್ಟೀರಿಂಗ್ ಹೊಸದರಂತೆ ಅನ್ನಿಸಿ ಖುಷಿಯಾಯಿತು. ಮರುದಿನ ಚಾರ್ಮಾಡಿ ಘಾಟಿ ಇಳಿಯುವಾಗ ಮೊದಲ ಹೇರ್‌ಪಿನ್ ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ತಿರುಗಿದಲ್ಲೇ ನಿಂತುಬಿಟ್ಟಿತು. ಪ್ರತಿ ತಿರುವಿನಲ್ಲೂ ಅದನ್ನು ಎರಡೂ ಕೈಯಿಂದ ಎಳೆದು ನೇರಕ್ಕೆ ತರುತ್ತ ಉಜಿರೆ ಮುಟ್ಟುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು. ಎಳೆದಿಟ್ಟುಕೊಂಡಿದ್ದ ಗೆರೆ ಅಂದು ಸಂಜೆ ಉಪಯೋಗಕ್ಕೆ ಬಂತು.

ಎಂಟನೇ ಒಂದು ಭಾಗದಂತೆ ಎರಡು ಮೂರು ಸಲ ತಿರುಗಿಸಿದ ಮೇಲೂ ಪ್ಲೇ ಹಾಗೆಯೇ ಇದ್ದರೆ, ವರ್ಮಿನ ಬೇರಿಂಗೋ ಬಾಲುಗಳೋ ಸವೆದಿವೆ ಎಂದು ತಿಳಿದು ಸ್ಕ್ರೂವನ್ನು ಗುರುತಿಗೆ ಮರಳಿಸಿ, ಬಾಕ್ಸನ್ನು ಇಳಿಸಿ ಬಿಚ್ಚಿ ರಿಪೇರಿ ಮಾಡುವವರಿಗೇ ಒಪ್ಪಿಸಿ. ಇಳಿಸುವಾಗ ಡ್ರಾಪ್ ಆರ್ಮನ್ನು ಸುತ್ತಿಗೆಯಿಂದ ಬಡಿದು ಬಿಡಿಸಲು ಬಿಡಬೇಡಿ. ಆ ಪೆಟ್ಟು ನೇರವಾಗಿ ಒಳಗಿನ ಹಲ್ಲುಗಳಿಗೆ ಹೋಗುತ್ತದೆ. ಅದನ್ನು ಎಳೆದು ಬಿಡಿಸುವ ಸಾಧನವಾದ ಪುಲ್ಲರ್ ಇರುವ ಗ್ಯಾರೇಜಿಗೇ ಹೋಗಿ.